ಯಾರದೂ ಅಲ್ಲದ ಮುಖ

ಜೂನ್ ೩, ಸೋಮವಾರ

ಇವತ್ತಿಗೆ ಈ ಕೈ ತೊಳೆದ ಫೋಟೋಗಳ ಸಂಖ್ಯೆ ಒಂದು ಕೋಟಿ ದಾಟಿತು. ಅದರಲ್ಲಿ ಒಂದೂ ಕೆಟ್ಟಿಲ್ಲ. ಕತ್ತಲಲ್ಲಿ ಕಣ್ಣು ಕಾಣುವ ಮನುಷ್ಯ ಈ ಭೂಮಿಯ ಮೇಲೆ ನಾನೊಬ್ಬನೇ. ದಾಖಲೆ ಬರೆಯುವವರಿಗೆ ಇನ್ನೂ ಸುದ್ದಿ ಮುಟ್ಟಿಲ್ಲ, ಅಷ್ಟೆ. ಮುಟ್ಟಿದರೆ ಸ್ಟುಡಿಯೋ ಮುಂದೆ ಸಾಲು ನಿಂತಾರು. ಆಗ ‘ಊಟಕ್ಕೆ ಹೋಗಿದ್ದಾರೆ’ ಅಂತ ಬೋರ್ಡು ನೇತುಹಾಕಿ ಒಳಗೇ ಕೂರುವವನು ನಾನು.

ಫೋಟೋ ತೊಳೆಯುವ ನೀರು, ಡೆವಲಪರ್, ಹಳಸಿದೆ. ಚಹಾದ ಬಣ್ಣ. ಚೆಲ್ಲಲು ಮನಸ್ಸಿಲ್ಲ. ಚಿತ್ರ ಹಿಗ್ಗಿಸುವ ಎನ್‌ಲಾರ್ಜರಿನ ಮೇಲೆ ಜೇಡ ಮನೆ ಮಾಡಿತ್ತು — ನೋಟಿಸ್ ಕೊಡದೆ ಖಾಲಿ ಮಾಡಿಸಿದೆ. ಡಾರ್ಕ್‌ರೂಮಿಗೆ ಕೆಲಸವಿಲ್ಲದೆ ಎಷ್ಟು ಕಾಲವಾಯಿತೋ. ಈಗ ಪಾಸ್‌ಪೋರ್ಟ್ ಸೈಜು ಒಂದೇ ಗತಿ, ಅದೂ ಕಂಪ್ಯೂಟರಿನಲ್ಲಿ.

ಮಧ್ಯಾಹ್ನ ಚೌಕಟ್ಟಯ್ಯ ಬಂದ. ಫೋಟೋಗೆ ಫ್ರೇಮು ಹಾಕುವವನು, ಪಕ್ಕದ ಅಂಗಡಿ. ಇಪ್ಪತ್ತೆರಡು ವರ್ಷದಿಂದ ನಮ್ಮಿಬ್ಬರಿಗೂ ಒಂದೇ ಗೋಡೆ, ಒಂದೇ ಪೇಪರು, ಒಂದೇ ಚದುರಂಗದ ಹಲಗೆ. ನಾನು ತೊಳೆದದ್ದಕ್ಕೆ ಅವನು ಗಾಜು ಹಾಕದಿದ್ದರೆ ಊರಿನ ಅರ್ಧ ಗೋಡೆ ಬೋಳು. ಆಟ ಆಡಿದೆವು. ನಾನೇ ಗೆದ್ದೆ.

(ಅವನು ಗೆದ್ದ. ಕುದುರೆಯನ್ನು ನಾನೇ ಬಿಟ್ಟುಕೊಟ್ಟೆ.)

ಜೂನ್ ೫, ಬುಧವಾರ

ಬೆಳಿಗ್ಗೆ ಟಿಕೆಟ್ಟು ಬಂದಳು. ನನ್ನ ಅಕ್ಕನ ಮಗಳು. ಬಸ್ ಕಂಡಕ್ಟರ್, ಅದಕ್ಕೇ ಆ ಹೆಸರು. ನಾನೇ ಇಟ್ಟದ್ದು. ಭುಜದಲ್ಲಿ ಚರ್ಮದ ಚೀಲ, ಕೊರಳಲ್ಲಿ ಸೀಟಿ. ಬಂದವಳೇ ಬಾಗಿಲು ಹಾಕಿದಳು.

ಸರ್ಕಾರ ಬಸ್ ಡಿಪೋವನ್ನು ಯಾವುದೋ ಕಂಪನಿಗೆ ಮಾರುತ್ತಿದೆ. ಜನ, ಬಸ್ಸು, ಜಾಗ — ಎಲ್ಲ ಒಟ್ಟಿಗೆ. ಇವಳೂ ಜೊತೆಯವರೂ ಹದಿನೈದು ದಿನದಿಂದ ಬೆಳಿಗ್ಗೆ ಆರರಿಂದ ಏಳು ಡಿಪೋ ಗೇಟಿನಲ್ಲಿ ನಿಲ್ಲುತ್ತಿದ್ದಾರೆ. ಘೋಷಣೆ ಕೂಗುವಂತಿಲ್ಲ, ನಿಷೇಧ. ಸುಮ್ಮನೆ ನಿಲ್ಲುವುದು. ಈಗ ಅದಕ್ಕೂ ಆರ್ಡರ್ ಬಂದಿದೆ: ನಿಂತವರಲ್ಲಿ ಯಾರ ಗುರುತು ಸಿಕ್ಕರೂ ಕೆಲಸದಿಂದ ವಜಾ. ಅದಕ್ಕೆ ಎಲ್ಲರೂ ಮುಖಕ್ಕೆ ಬಟ್ಟೆ ಕಟ್ಟಿ ನಿಲ್ಲುತ್ತಾರೆ. ಪೇಪರಿನವರು ‘ಹತ್ತು ಹದಿನೈದು ಅನಾಮಿಕರು’ ಅಂತ ಬರೆದರಂತೆ.

“ಮಾವ, ನಾವಿದ್ವಿ ಅಂತ ಕಾಣ್ಬೇಕು. ಯಾರಿದ್ವಿ ಅಂತ ಕಾಣ್ಬಾರ್ದು. ಅಂಥ ಫೋಟೋ ಆಗತ್ತಾ?”

“ಆಗದೆ ಏನು? ಬೆನ್ನು ತೆಗೀತೀನಿ.”

“ಬೆನ್ನಿಗೆ ಯಾರು ಹೆದರ್ತಾರೆ? ಕಣ್ಣು ಬೇಕು, ಮಾವ. ನೋಡಿದೋರು ತಲೆ ತಗ್ಗಿಸ್ಬೇಕು.”

“ಫೋನಲ್ಲೇ ಮಾಡ್ಕೊಳ್ಳಿ. ಈಗೆಲ್ಲಾ ಅದೇ ತಾನೇ.”

“ಫೋನು ಕಿತ್ಕೊಂಡು ಒಳಗಿರೋದನ್ನೆಲ್ಲ ತೆಗೀತಾರೆ. ನಿನ್ನ ಡಬ್ಬ ಕ್ಯಾಮರಾ ಯಾರ ಲೆಕ್ಕದಲ್ಲೂ ಇಲ್ಲ. ನಿನ್ನ ಥರ.”

ಬಾಯಿ ನೋಡು. ಅಕ್ಕನದೇ.

ಜೂನ್ ೯, ಭಾನುವಾರ

ನಾಲ್ಕು ದಿನದಿಂದ ಒದ್ದಾಟ.

ಮೊದಲು ಕ್ಯಾಮರಾನೇ ಇಲ್ಲದೆ ಮಾಡಿದೆ. ಫೋಟೋ ಪೇಪರಿನ ಮೇಲೆ ಅವಳ ಸೀಟಿ, ಟಿಕೆಟ್ ತೂತು ಹಾಕುವ ಇಕ್ಕಳ, ಟಿಕೆಟ್ ಸುರುಳಿ ಇಟ್ಟು ಲೈಟು ಹೊಡೆದೆ. ಕಪ್ಪಿನ ಮೇಲೆ ಬೆಳ್ಳಗೆ ನೆರಳುಗಳು ಬಂದವು, ಎಕ್ಸ್-ರೇ ಥರ. ನನಗಂತೂ ಅದ್ಭುತ ಅನ್ನಿಸಿತು. ಟಿಕೆಟ್ಟು ನೋಡಿ, “ಕಳೆದುಹೋದ ಸಾಮಾನಿನ ಪಟ್ಟಿ ಥರ ಇದೆ” ಅಂದಳು.

ಆಮೇಲೆ ಎರಡು ನೆಗೆಟಿವ್ ಒಂದೇ ಪೇಪರಿಗೆ. ಅವಳದೂ ಅಕ್ಕನದೂ. ಮೊದಲನೆಯದಕ್ಕೆ ಎರಡು ಸೆಕೆಂಡ್, ಅದರ ಮೇಲೆ ಎರಡನೆಯದಕ್ಕೆ ಎರಡು ಸೆಕೆಂಡ್. ಡೆವಲಪರಿನಲ್ಲಿ ಅರ್ಧ ಮೂಡಿತ್ತು. ಆಗ ಸ್ಟುಡಿಯೋ ಹಿಂದಿನ ಮನೆಯಿಂದ ಅಕ್ಕ ಬಂದು ಧಡಾರಂತ ಬಾಗಿಲು ತೆಗೆದಳು. “ಊಟಕ್ಕೆ ಬರ್ತೀಯೋ ಇಲ್ಲ ಆ ನೀರೇ ಕುಡೀತೀಯೋ?”

ಬೆಳಕು ನುಗ್ಗಿತು. ಬಾಯಿಗೆ ಬಂದದ್ದೆಲ್ಲ ಅಂದೆ. ಅವಳೂ ಅಂದಳು. ತಿರುಗಿ ಟ್ರೇ ನೋಡಿದರೆ... ಮುಖ ತಿರುವುಮುರುವಾಗಿದೆ. ಹಣೆ ಕಪ್ಪು, ಕೂದಲು ಬೂದಿ, ಅಂಚಿಗೆಲ್ಲ ಬೆಳ್ಳಿ ದಾರ ಹೊಲಿದ ಹಾಗೆ ಒಂದು ಗೆರೆ. ತಾಯಿಯೂ ಅಲ್ಲ, ಮಗಳೂ ಅಲ್ಲ. ಆದರೆ ಕಣ್ಣು — ಕಣ್ಣು ನನ್ನನ್ನೇ ನೋಡುತ್ತಿತ್ತು.

ಟಿಕೆಟ್ಟು ಟ್ರೇ ಮೇಲೆ ಬಗ್ಗಿ ನೋಡಿದಳು. “ಇದು ಹೇಗೆ ಮಾಡ್ದೆ ಮಾವ?”

“ಅದು ಗುಟ್ಟು” ಅಂದೆ. “ಇಪ್ಪತ್ತು ವರ್ಷದ ಸಾಧನೆ.”

ಅಕ್ಕ ಅಡುಗೆಮನೆಯಿಂದಲೇ, “ಬಾಗ್ಲು ತೆಗೆದಿದ್ದು ನಾನು!” ಅಂತ ಕೂಗಿದಳು.

ಜೂನ್ ೧೪, ಶುಕ್ರವಾರ

ಮೂವತ್ತೊಂಬತ್ತು ಜನ ಬಂದು ಹೋದರು. ಎಲ್ಲ ಪಾಸ್‌ಪೋರ್ಟ್ ಫೋಟೋದ ನೆಪ. ಡ್ಯೂಟಿ ಮುಗಿಸಿ ಒಬ್ಬೊಬ್ಬರೇ ಬಂದು ಸ್ಟೂಲಿನ ಮೇಲೆ ಕೂತು, ಮುಖಕ್ಕೆ ಕಟ್ಟಿದ ಬಟ್ಟೆ ಬಿಚ್ಚಿ ತೋರಿಸಿದರು. ಡ್ರೈವರುಗಳು, ಕಂಡಕ್ಟರುಗಳು, ಕಸ ಗುಡಿಸುವ ಅಜ್ಜಿ. ಕೊನೆಗೆ ಮೆಕ್ಯಾನಿಕ್ ಗ್ರೀಸು. ಕೈಯಲ್ಲಿ, ಕಿವಿಯಲ್ಲಿ, ನಗುವಿನಲ್ಲೂ ಗ್ರೀಸು. “ಯಜಮಾನ್ರೇ, ನಂದು ಸ್ವಲ್ಪ ಚೆನ್ನಾಗಿ ಬರ್ಲಿ, ಯಾರಿಗೂ ಕಾಣಲ್ಲ ಅಂದ್ರೂ” ಅಂದ. ನಗಿಸಿ ನಗಿಸಿ ಫೋಕಸ್ಸೇ ಕೆಡಿಸಿದ.

ಟಿಕೆಟ್ಟಿನದು ಒಂದೇ ಕಂಡೀಷನ್: “ಯಾರ ಹೆಸರೂ ಬರೀಬೇಡ ಮಾವ. ಎಲ್ಲೂ.”

“ನನ್ನನ್ನೇನು ದಡ್ಡ ಅನ್ಕೊಂಡ್ಯಾ?”

ರಾತ್ರಿಯೊಳಗೆ ಫಿಲ್ಮು ತೊಳೆದು, ಕತ್ತರಿಸಿ, ಒಂದೊಂದು ನೆಗೆಟಿವ್ ಒಂದೊಂದು ಕವರಿಗೆ ಹಾಕಿದೆ. ಹಾಕಿ ನೋಡಿದರೆ ಪ್ರತಿ ಕವರಿನ ಮೇಲೂ ನಂಬರು, ಹೆಸರು, ಡಿಪೋ ವಿಭಾಗ. ಮೂವತ್ತು ವರ್ಷದ ಕೈ. ಗಿರಾಕಿ ಮುಂದೆ ಯಾವತ್ತಾದರೂ ಇನ್ನೊಂದು ಕಾಪಿ ಕೇಳಿದರೆ ಹುಡುಕಬೇಕಲ್ಲ... ನನಗೇ ಗೊತ್ತಾಗದೆ ಕೈ ಬರೆದುಬಿಟ್ಟಿದೆ.

ಕವರು ಬದಲಿಸಬೇಕು. ಹೊಸ ಕವರಿಲ್ಲ. ನಾಳೆ ತರಬೇಕು.

ಜೂನ್ ೧೬, ಭಾನುವಾರ. ಮಧ್ಯಾಹ್ನ ಮೂರು

ಆಯಿತು!

ಗಡುವು ಮುಗಿದು ಹನ್ನೊಂದು ವರ್ಷವಾದ ಪೇಪರ್ ರೋಲು. ಎನ್‌ಲಾರ್ಜರನ್ನು ಮಲಗಿಸಿ ಗೋಡೆಗೆ ತಿರುಗಿಸಿದೆ. ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಎರಡು ಗುರುತು, ಎರಡು ಕಣ್ಣಿಗೆ. ಮೊದಲು ಟಿಕೆಟ್ಟಿನ ನೆಗೆಟಿವ್. ನಂಬರ್ ಒಂದು. ಅವಳ ಕಣ್ಣು ಬಿದ್ದ ಕಡೆಯೇ ಮಿಕ್ಕ ಮೂವತ್ತೆಂಟು ಜೋಡಿ ಕಣ್ಣನ್ನೂ ಕೂರಿಸಿದೆ. ಒಬ್ಬೊಬ್ಬರಿಗೆ ಒಂದೊಂದೇ ಸೆಕೆಂಡು. ಲೆನ್ಸಿನ ಮುಂದೆ ರಟ್ಟು ಹಿಡಿದು ಅವಳು, “ರೈಟ್...” ಅಂದರೆ ಬೆಳಕು, “ಹೋಲ್ಡಾನ್!” ಅಂದರೆ ಕತ್ತಲೆ. ಬಸ್ಸಿನಲ್ಲಿ ಅಂದ ಹಾಗೇ.

ಅಷ್ಟು ದೊಡ್ಡ ಟ್ರೇ ಎಲ್ಲಿಂದ ತರಲಿ? ನೆಲದ ಮೇಲೆ ಪ್ಲಾಸ್ಟಿಕ್ ಹಾಸಿ, ನೆಲ ಒರೆಸುವ ಕೋಲಿನಿಂದ ಡೆವಲಪರ್ ಬಳಿದೆ. ಅರ್ಧ ಮೂಡಿದಾಗ ಬಿಳಿ ಬಲ್ಬು ಒಂದು ಕ್ಷಣ ಹಾಕಿ ಆರಿಸಿದೆ. ಈ ಸಲ ಅಕ್ಕನ ಸಹಾಯವಿಲ್ಲದೆ.

ಆರಡಿ ಮುಖ. ಗಂಡೂ ಅಲ್ಲ, ಹೆಣ್ಣೂ ಅಲ್ಲ. ವಯಸ್ಸು ಹೇಳಲಾಗದು. ಅಂಚೆಲ್ಲ ನಡುಗುತ್ತಿದೆ, ಮೂವತ್ತೊಂಬತ್ತು ಜನ ಒಂದೇ ಚರ್ಮದೊಳಗೆ ಉಸಿರಾಡಿದ ಹಾಗೆ. ಕಣ್ಣು ಮಾತ್ರ ಗಟ್ಟಿ.

ಟಿಕೆಟ್ಟು ನನ್ನ ಒದ್ದೆ ಕೈಯನ್ನೇ ಹಿಡಿದುಕೊಂಡಳು. “ಇಷ್ಟು ದಿನ ನೀನು ಹೇಳಿದ್ದೆಲ್ಲ ಸುಳ್ಳು ಅನ್ಕೊಂಡಿದ್ದೆ ಮಾವ.”

ಇದೊಂದು ನಿಜವೇ. ಬಡಾಯಿಯಲ್ಲ.

ಜೂನ್ ೧೭, ಸೋಮವಾರ

ಚೌಕಟ್ಟಯ್ಯ ರಾತ್ರಿಯೇ ಹಲಗೆಗೆ ಅಂಟಿಸಿ, ಸುತ್ತ ಮರ ಹೊಡೆದು ಕೊಟ್ಟ. ಬೆಳಿಗ್ಗೆ ಆರಕ್ಕೆ ಗೇಟಿನಲ್ಲಿ ನಿಲ್ಲಿಸಿದರು. ನಾನು ಎದುರು ಫುಟ್‌ಪಾತಿನಲ್ಲಿ, ಹಾಲು ತರಲು ಬಂದವನ ಹಾಗೆ.

ಡಿಪೋ ಮ್ಯಾನೇಜರು ಬಂದ. ಜೊತೆಗೆ ಇಬ್ಬರು ಪೊಲೀಸರು. ಚಿತ್ರದ ಮುಂದೆ ನಿಂತು ಕನ್ನಡಕ ತೆಗೆದ, ಹಾಕಿಕೊಂಡ.

“ಯಾರಿದು?”

ಗ್ರೀಸು ಬಟ್ಟೆಯೊಳಗಿಂದಲೇ ಅಂದ, “ನಾನೇ ಸಾರ್.”

ಗುಡಿಸುವ ಅಜ್ಜಿ ಅಂದಳು, “ಸುಳ್ಳು. ಅದು ನಾನು.”

ಒಬ್ಬರ ಹಿಂದೊಬ್ಬರು. ನಾನೇ, ನಾನೇ, ನಾನೇ... ಮ್ಯಾನೇಜರ್ ತಲೆ ತಗ್ಗಿಸಿದ. ಒಂದೇ ಒಂದು ಗಳಿಗೆ. ಆದರೂ ತಗ್ಗಿಸಿದ. ನಾನು ಕಂಡೆ.

ಹಾಲು ತರುವುದು ಮರೆತೆ. ಅಕ್ಕನಿಂದ ಬೈಸಿಕೊಂಡೆ. ಸಿಹಿಯಾಗಿತ್ತು.

ಜೂನ್ ೧೯, ಬುಧವಾರ

ಚಹಾದಂಗಡಿಯಲ್ಲಿ ಎಲ್ಲರ ಬಾಯಲ್ಲೂ ಅದೇ ಮುಖ. ನಾನು ಮೂಲೆಯಲ್ಲಿ ಬಾಯಿ ಬಿಗಿಹಿಡಿದು ಕೂತಿದ್ದೆ. ಎಂಥ ಶಿಕ್ಷೆ! ಒಬ್ಬ ಅನ್ನುತ್ತಾನೆ: “ಅದೇನು ಮಹಾ, ಕಂಪ್ಯೂಟರು ಮಾಡಿದ್ದು. ಗುಂಡಿ ಒತ್ತಿದ್ರೆ ಬರತ್ತೆ.”

ಗ್ಲಾಸು ಕುಕ್ಕಿ ಎದ್ದುಬಂದೆ. ಗುಂಡಿಯಂತೆ!

ಸಂಜೆ ಚೌಕಟ್ಟಯ್ಯನ ಮುಂದೆ ಉರಿದುಬಿದ್ದೆ. ಅವನು ಮರ ಉಜ್ಜುತ್ತಾ ಕೇಳಿಸಿಕೊಂಡ.

“ಜನಕ್ಕೆ ತೋರ್ಸೋದು ಹೇಗೆ ಗೊತ್ತಾ? ನೆಗೆಟಿವ್‌ಗಳನ್ನ ಗಾಜಿನ ಮಧ್ಯೆ ಇಟ್ಟು ಹಿಂದೆ ಲೈಟ್ ಹಾಕ್ಬೇಕು. ಚಿತ್ರದ ಪಕ್ಕದಲ್ಲಿ. ಆವಾಗ ಗೊತ್ತಾಗತ್ತೆ ಇದು ಯಾರ ಕೈ ಅಂತ. ಈಗಲ್ಲ, ಗಲಾಟೆಯೆಲ್ಲ ಮುಗಿದ ಮೇಲೆ.”

“ಮುಗಿದ ಮೇಲೆ” ಅಂದೆ.

“ಅಲ್ಲೀತನಕ ನಿನ್ನ ಹತ್ರ ಇಟ್ಕೋಬೇಡ. ಮೊದಲು ಹುಡುಕೋದು ಸ್ಟುಡಿಯೋನೇ. ನನ್ನ ಅಂಗಡೀಲಿ ನೂರು ಫ್ರೇಮಿದೆ. ಚಿತ್ರಕ್ಕೂ ರಟ್ಟಿಗೂ ಮಧ್ಯೆ ತೂರಿಸಿಟ್ರೆ ದೇವರಿಗೂ ಸಿಗಲ್ಲ.”

ಸರಿ ಅನ್ನಿಸಿತು. ಎರಡು ಕಾರಣಕ್ಕೂ. ಯಾವುದು ಹೆಚ್ಚು ಸರಿ ಅನ್ನಿಸಿತು ಅಂತ ಬರೆಯುವುದು ಬೇಡ.

ಜೂನ್ ೨೦, ಗುರುವಾರ

ಚೌಕಟ್ಟಯ್ಯನಿಗೆ ಸ್ವಲ್ಪ ನೆಗೆಟಿವ್ ಕೊಟ್ಟೆ. ಏಳೆಂಟು. ಸ್ಯಾಂಪಲ್ಲಿಗೆ. ಕವರಿನ ಸಮೇತ ಕೊಟ್ಟೆ, ಇಲ್ಲದಿದ್ದರೆ ಗೀರು ಬೀಳುತ್ತದೆ. ಗೀರು ಬಿದ್ದ ನೆಗೆಟಿವ್ ನನ್ನ ಕೈಯಿಂದ ಯಾವತ್ತೂ ಹೊರಗೆ ಹೋಗಿಲ್ಲ.

ಹೊಸ ಕವರು ತರಲು ಆಗಿರಲಿಲ್ಲ.

ಜೂನ್ ೨೯, ಶನಿವಾರ

ಏಳು ಜನಕ್ಕೆ ವಜಾ ಪತ್ರ. ಒಂದೇ ದಿನ. ಹೆಸರು, ವಿಭಾಗ, ಜೊತೆಗೆ ಫೋಟೋ ಅಂಟಿಸಿದ್ದಾರಂತೆ. ಬಟ್ಟೆಯಿಲ್ಲದ ಮುಖ. ಟಿಕೆಟ್ಟು ಒಂದು ಪತ್ರ ತಂದು ಮೇಜಿನ ಮೇಲೆ ಹಾಕಿದಳು. ಪುಟ್ಟ ಫೋಟೋ. ಹಿಂದೆ ನನ್ನ ಸ್ಟುಡಿಯೋದ ಬೂದು ಪರದೆ. ಎಡ ಮೂಲೆಯಲ್ಲಿ ಪರದೆಯ ಹರಿದ ಜಾಗ.

“ನಮ್ಮೊಳಗೇ ಯಾರೋ ಇದಾರೆ ಮಾವ” ಅಂದಳು.

ನಾನು ಪರದೆಯ ಹರುಕನ್ನೇ ನೋಡುತ್ತಿದ್ದೆ.

“ಹೂಂ” ಅಂದೆ. “ಇದಾರೆ.”

ಜೂನ್ ೩೦, ಭಾನುವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ.

ಇಲ್ಲೇ ಸ್ಟುಡಿಯೋದಲ್ಲಿ ಎಲ್ಲ ಸೇರಿದ್ದರು. ಯಾರು, ಯಾರು ಅಂತ ಗುಸುಗುಸು. ನಾನು ಎದ್ದು ನಿಂತೆ. ಗ್ರೀಸಿನ ಕಡೆ ಬೆರಳು ಮಾಡಿದೆ. “ಕೊನೇಲಿ ಬಂದೋನು ಇವನು. ನಗಿಸ್ತಾ ನಗಿಸ್ತಾ ನನ್ನ ಟೇಬಲ್ಲೆಲ್ಲ ಕಣ್ಣಾಡಿಸ್ದ. ಇವನಿಗ್ಯಾಕೆ ಪತ್ರ ಬಂದಿಲ್ಲ, ಕೇಳಿ!”

ಅವನು ನಗಲಿಲ್ಲ. “ಯಜಮಾನ್ರೇ, ನೀವೇ ಹೀಗಂದ್ರೆ...” ಅಂದು ಟೋಪಿ ತೆಗೆದುಕೊಂಡು ಹೊರಟುಹೋದ. ಯಾರೂ ಅವನನ್ನು ತಡೆಯಲಿಲ್ಲ. ನಾನು ದೊಡ್ಡ ದನಿಯವನು. ದೊಡ್ಡ ದನಿ ಎಷ್ಟು ಕೆಲಸಕ್ಕೆ ಬರುತ್ತದೆ ಅಂತ ಇವತ್ತು ಗೊತ್ತಾಯಿತು.

ಅಷ್ಟು ಹೊತ್ತೂ ಪಕ್ಕದ ಗೋಡೆಯಾಚೆ ಮರ ಉಜ್ಜುವ ಸದ್ದು ಕೇಳುತ್ತಲೇ ಇತ್ತು.

ಜುಲೈ ೩, ಬುಧವಾರ

ಇನ್ನೂ ಐದು ಪತ್ರ. ಅದರಲ್ಲೊಂದು ಗ್ರೀಸಿನದು. ನಗುತ್ತಿರುವ ಫೋಟೋ. ಸ್ವಲ್ಪ ಫೋಕಸ್ ಕೆಟ್ಟಿದೆ.

ಚೌಕಟ್ಟಯ್ಯನ ಅಂಗಡಿಗೆ ಹೋದೆ. ಗೋಡೆ ತುಂಬ ಹೊಸ ಅಲ್ಯೂಮಿನಿಯಂ ಫ್ರೇಮುಗಳು, ಒಂದೇ ಅಳತೆ, ನೂರಾರು. ಬಸ್ ಸ್ಟಾಪಿಗೆ ಹಾಕುವ ಜಾಹೀರಾತಿನವು. ಒಂದರಲ್ಲಿ ಆಗಲೇ ಡಿಪೋ ಕೊಳ್ಳುವ ಆ ಕಂಪನಿಯ ಗುರುತು ಅಂಟಿಸಿತ್ತು. ಚದುರಂಗದ ಹಲಗೆ ಕಟ್ಟಿಟ್ಟಿತ್ತು.

“ಎಲ್ಲಿ?” ಅಂದೆ.

ಏನು ಅಂತ ಕೇಳಲಿಲ್ಲ. ಅಳತೆ ಟೇಪು ಸುತ್ತುತ್ತಾ, “ಕೂತ್ಕೋ” ಅಂದ.

“ಇಪ್ಪತ್ತೆರಡು ವರ್ಷ ಕೂತಿದೀನಿ. ಎಲ್ಲಿ?”

“ಈ ಸಾಲಿನ ಅಂಗಡಿ ಜಾಗ ಡಿಪೋದು. ಕಂಪನಿ ಬಂದ ದಿನವೇ ಎಲ್ಲರೂ ಬೀದಿಗೆ, ನೀನೂ ಸೇರಿ. ನನಗೆ ಉಳಿಯೋ ದಾರಿ ಒಂದೇ ಇತ್ತು.”

“ನನ್ನ ಕೇಳಿದ್ರೆ...”

“ಕೇಳ್ದೆನಲ್ಲ. ನಾನು ಕೇಳ್ದೆ, ನೀನು ಕೊಟ್ಟೆ. ಬೀಗ ಒಡೆದ್ನಾ? ಮುಖ ಮಾತ್ರ ಇದ್ದಿದ್ರೆ ಅವರಿಗೆ ಆರು ತಿಂಗಳು ಬೇಕಿತ್ತು. ಹೆಸರು ಬರೆದೋನು ನೀನು ಕಣೋ.”

ಕೈ ಎತ್ತಿದೆ. ಹೊಡೆಯಲಿಲ್ಲ. ಎತ್ತಿದ ಕೈಯನ್ನು ಏನು ಮಾಡಬೇಕೋ ತಿಳಿಯದೆ ತಲೆ ಕೆರೆದುಕೊಂಡೆ. ಅವನಿಗೂ ಅದನ್ನು ನೋಡಲಾಗಲಿಲ್ಲ, ಮುಖ ತಿರುಗಿಸಿದ. ಆ ಕಡೆ ತಿರುಗಿಯೇ ಹೇಳಿದ:

“ಇನ್ನು ಪತ್ರ ಕಳ್ಸಲ್ಲ. ಕೋರ್ಟಿಗೆ ಹೋಗ್ತಾರೆ ಅಂತ ವಕೀಲ ಹೆದರ್ಸಿದಾನೆ. ಉಳಿದೋರನ್ನ ಸೋಮವಾರ ಗೇಟಿನಲ್ಲೇ ಹಿಡೀತಾರೆ. ಮುಖದ ಬಟ್ಟೆ ಬಿಚ್ಚಿಸಿ, ಫೋಟೋ ಜೊತೆ ತಾಳೆ ನೋಡಿ, ಕೇಸು, ಜೈಲು. ಅವತ್ತು ನಿಮ್ಮ ಹುಡುಗೀನ ಮನೇಲೇ ಇರಿಸ್ಕೋ. ಇಷ್ಟು ವರ್ಷದ ಋಣಕ್ಕೆ ಹೇಳ್ತಿದೀನಿ.”

ಋಣವಂತೆ. ಇನ್ನೇನೋ ಹೇಳಿದ. ಗೋಡೆ ಹಿಡಿದುಕೊಂಡು ಬಂದೆ. ಅದೇ ಗೋಡೆ.

ಜುಲೈ ೪, ಗುರುವಾರ

ಟಿಕೆಟ್ಟಿಗೆ ಹೇಳಿದೆ. ಚೌಕಟ್ಟಯ್ಯ ಮೋಸ ಮಾಡಿದ ಅಂತ. ನೆಗೆಟಿವ್ ಕೊಟ್ಟದ್ದು ನಾನು ಅಂತ. ಅವಳು ಕುರ್ಚಿಯ ಅಂಚಿನಲ್ಲಿ ಕೂತಿದ್ದಳು, ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತಾ.

“ಎಷ್ಟು ಕೊಟ್ಟೆ?”

“ಹನ್ನೆರಡು.”

ಬಾಯಿಂದ ತಾನಾಗಿಯೇ ಬಂತು. ಪತ್ರ ಬಂದಷ್ಟೇ.

“ನಂದು?”

“ನಿಂದು ಕೊಡ್ತೀನಾ? ಹುಚ್ಚೀ.”

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎದ್ದು, “ಗ್ರೀಸಣ್ಣನ ಮನೆಗೆ ಹೋಗಿ ಕ್ಷಮೆ ಕೇಳು” ಅಂದಳು, ಅಷ್ಟೆ.

ಅಕ್ಕ ಬಾಗಿಲ ಸಂದಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಮಗಳು ಹೋದ ಮೇಲೆ ನನ್ನನ್ನೇ ದಿಟ್ಟಿಸಿ ಅಂದಳು: “ಏಳನೇ ಕ್ಲಾಸಲ್ಲಿ ಎಷ್ಟು ಸಬ್ಜೆಕ್ಟು ಹೋಯ್ತೋ ಅಂದ್ರೆ ಒಂದು ಅಂದಿದ್ದೆ. ಮೇಷ್ಟ್ರು ಮನೆಗೆ ಬಂದು ಆರು ಅಂದ್ರು. ಈಗ್ಲೂ ಮೇಷ್ಟ್ರು ಬರ್ಬೇಕಾ?”

ಜುಲೈ ೫, ಶುಕ್ರವಾರ

ಗ್ರೀಸಿನ ಮನೆಗೆ ಹೋದೆ. ಬಾಗಿಲು ಅವನೇ ತೆರೆದ. ಕೈ ತೊಳೆದು ಬೆಳ್ಳಗಾಗಿತ್ತು. ಗುರುತೇ ಸಿಗಲಿಲ್ಲ. ಕೂರಿಸಿ ನೀರು ಕೊಟ್ಟ.

“ಬಿಡಿ ಯಜಮಾನ್ರೇ. ಹನ್ನೆರಡಕ್ಕೇ ನಿಂತಿತಲ್ಲ. ಮಿಕ್ಕ ಇಪ್ಪತ್ತೇಳು ಜನ ಸೋಮವಾರ ನಿಲ್ತಾರೆ. ನಮ್ಮ ಹನ್ನೆರಡು ಜನಕ್ಕೆ ಬರ್ಬೇಡಿ ಅಂದಿದಾರೆ, ಗುರುತಾಗಿದೆ ಅಂತ. ನಮ್ಮ ಪಾಲಿಗೂ ಸೇರಿಸಿ ಅವರೇ ನಿಲ್ತಾರಂತೆ.”

ಲೋಟ ಕೆಳಗಿಟ್ಟೆ. ಹೇಳಲು ಬಾಯಿ ತೆರೆದೆ. ಅವನ ಮಗು ಬಂದು ತೊಡೆಯೇರಿತು. ಮುಚ್ಚಿದೆ.

ಜುಲೈ ೭, ಭಾನುವಾರ. ಸಂಜೆ ನಾಲ್ಕೂವರೆ

ಡಾರ್ಕ್‌ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ರೆಡ್ ಬಲ್ಬು. ಟ್ರೇಗಳು ಒಣಗಿವೆ. ಗೋಡೆಯ ಮೇಲೆ ಪೆನ್ಸಿಲಿನ ಆ ಎರಡು ಗುರುತು ಹಾಗೇ ಇದೆ. ಎಲ್ಲಿ ಕೂತರೂ ನೋಡುತ್ತದೆ.

ಹೊರಗೆ ಟಿಕೆಟ್ಟು ಬಂದಿದ್ದಾಳೆ. ಬಾಗಿಲು ಬಡಿದಳು.

“ಮಾವ, ತೆಗಿ. ನಾಳೆ ಚಿತ್ರ ಹಿಡ್ಕೊಂಡು ಮುಂದೆ ನಿಲ್ಲೋಳು ನಾನೇ. ನಿನಗೆ ಹೇಳಿ ಹೋಗೋಣ ಅಂತ.”

“ಪೇಪರ್ ತೆರೆದಿದೆ ಕಣೇ. ಬೆಳಕು ಬಿದ್ರೆ ಹಾಳಾಗತ್ತೆ. ಎರಡು ನಿಮಿಷ.”

“ಸರಿ, ಕಾಯ್ತೀನಿ.”

ಪೇಪರ್ ಯಾವುದೂ ತೆರೆದಿಲ್ಲ. ಅವಳು ನಂಬಿದಳು. ಈಗಲೂ ನಂಬುತ್ತಾಳೆ. ಬಾಗಿಲಿನಾಚೆ ಬೆಂಚಿನ ಮೇಲೆ ಕೂತದ್ದು ಕೇಳಿಸಿತು. ಸೀಟಿಯನ್ನು ಮೆಲ್ಲಗೆ ಊದುತ್ತಿದ್ದಾಳೆ, ಸದ್ದು ಬರದಷ್ಟು ಮೆಲ್ಲಗೆ. ಚಿಕ್ಕಂದಿನಲ್ಲಿ ಪೀಪಿ ಊದುತ್ತಿದ್ದ ಹಾಗೆ.

ಎರಡು ನಿಮಿಷವಿದೆ. ನಿಜ ಹೇಳುವುದು ಮೊದಲು ಕೈಗೆ ಅಭ್ಯಾಸವಾಗಲಿ, ಬಾಯಿಗೆ ಆಮೇಲೆ. ಈ ಪುಸ್ತಕದಲ್ಲೂ ಸುಳ್ಳು ಬರೆದವನು ನಾನು. ಓದುವವರು ಯಾರೂ ಇಲ್ಲ ಅಂತ ಗೊತ್ತಿದ್ದೂ ಬರೆದೆ. ಚೌಕಟ್ಟಯ್ಯ ಮೋಸ ಮಾಡಿದ, ನಿಜ. ಅವನದು ಒಂದೇ ಸಲ.

ಒಂದು ಕೋಟಿ ಫೋಟೋ ತೊಳೆದಿಲ್ಲ. ಎಷ್ಟು ಅಂತ ಯಾವತ್ತೂ ಎಣಿಸಿಯೇ ಇಲ್ಲ. ನೆಗೆಟಿವ್ ಮಾತ್ರ ಅವತ್ತು ಗುರುವಾರ ಎಣಿಸಿಯೇ ಕೊಟ್ಟೆ. ಅವನ ಮುಂದೆ, ಅಂಗೈ ಮೇಲೆ ಒಂದೊಂದಾಗಿ ಇಟ್ಟು, ‘ಒಂದೂ ಕಡಿಮೆಯಿಲ್ಲ ನೋಡ್ಕೋ’ ಅಂತ ಜಂಬದಿಂದ. ಒಂದು ಕಡಿಮೆಯಾದರೂ ಆ ಮುಖ ಪೂರ್ತಿಯಾಗುವುದಿಲ್ಲ ಅಂದಿದ್ದೆ.

ಟಿಕೆಟ್ಟೂ, ಕೇಳು. ನಾಳೆ ಯಾರೂ ಹೋಗಬೇಡಿ. ಏಳಲ್ಲ. ಹನ್ನೆರಡೂ ಅಲ್ಲ.

ಮೂವತ್ತೊಂಬತ್ತು. ಮೂವತ್ತೊಂಬತ್ತೂ ಕೊಟ್ಟೆ. ಎಲ್ಲಕ್ಕಿಂತ ಮೇಲಿದ್ದದ್ದು ನಂಬರ್ ಒಂದು, ಅದರ ಕವರಿನ ಮೇಲೆ ನನ್ನ ಅಕ್ಷರದಲ್ಲೇ ನಿನ್ನ ಹೆಸರು —